ಸಿಗಡಿ ಬೆನ್ನಿನ ಹಸಿರು ಪಟ್ಟಿ: ಕೊಳಕಾ, ಮೊಟ್ಟೆಯಾ?

ಘಟ್ಟದ ಮೇಲಿನವ · ಭಾನುವಾರ ಮಧ್ಯಾಹ್ನ 12:50
ಇರೋದು ಶಿರಸಿ, ನಾಲಿಗೆ ಮಾತ್ರ ಕರಾವಳಿಯದ್ದು. ನಮ್ಮ ಓಣಿಗೆ ಬೈಕಿನಲ್ಲಿ ಮೀನು ತರುವವರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರ್ತಾರೆ. ಹಾರ್ನ್ ಕೇಳಿದ್ರೆ ನನಗಿಂತ ಮೊದಲು ಬೆಕ್ಕು ಗೇಟಿನ ಹತ್ರ. ಇವತ್ತು ಅರ್ಧ ಕೇಜಿ ಬಿಳಿ ಸಿಗಡಿ ತಗೊಂಡೆ. ಸುಲಿಯೋಕೆ ಕೂತಾಗ ನೋಡಿದ್ರೆ ಕೆಲವಕ್ಕೆ ತಲೆಯಿಂದ ಬಾಲದವರೆಗೆ ಬೆನ್ನುದ್ದಕ್ಕೂ ದಪ್ಪ ಹಸಿರು ಪಟ್ಟಿ. ನಾವು ದಿನಾ ಎಳೆದು ಬಿಸಾಕುವ ಕಪ್ಪು ನಾರಲ್ಲ ಇದು. ಆ ನಾರು ಬೇರೆಯಾಗೇ ಇತ್ತು, ದಾರದಷ್ಟು ತೆಳ್ಳಗೆ. ಹೆಂಡತಿ ಪಾಚಿ ತಿಂದಿದೆ ಅಂತಾಳೆ, ಅತ್ತೆ ಸೀದಾ ಹಾಳಾಗಿದೆ ಅಂದುಬಿಟ್ರು. ಎಣಿಸಿದೆ, 26ರಲ್ಲಿ 7ಕ್ಕೆ ಹಸಿರು. ಎಂತದು ಇದು? ತಿನ್ನಬಹುದಾ? ಮಸಾಲೆ ಅರೆದು ಕೂತಿದ್ದೇವೆ, ಬೇಗ ಹೇಳಿ.

ಸುಂಗಟಾ ಅಕ್ಕ · 1:05
ಹಾಳಾಗಿಲ್ಲ ಮಾರಾಯ್ರೆ, ಗಾಬೋಳಿ ಅದು. ಮೊಟ್ಟೆ. ನನ್ನ ಅಮ್ಮ ಕಾರವಾರ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಮೂವತ್ತು ವರ್ಷ ಕೂತವಳು. ಹಸಿರು ಗೆರೆ ಇರೋದನ್ನ ಬೇರೆ ತೆಗೆದಿಟ್ಟು ಮನೆಗೆ ತರ್ತಿದ್ಲು, ಗಿರಾಕಿಗಳು ನಿಮ್ಮ ಅತ್ತೆ ಥರ ಮುಖ ಸಿಂಡರಿಸ್ತಾರೆ ಅಂತ. ಎಣ್ಣೆಗೆ ಬಿದ್ದ ಕೂಡಲೇ ಹಸಿರು ಹೋಗಿ ಕೇಸರಿ ಬಣ್ಣ ಬರ್ತದೆ ನೋಡಿ. ಕಪ್ಪು ನಾರು ಮಾತ್ರ ತೆಗೀರಿ, ಅದು ಕರುಳು.

ಘಟ್ಟದ ಮೇಲಿನವ · 1:11
ಅಕ್ಕಾ, ಬಾಣಲೆಗೆ ಬಿತ್ತು. ಹೌದು, ಕೇಸರಿಯೇ! ಅತ್ತೆ ಇನ್ನೂ ದೂರ ನಿಂತು ನೋಡ್ತಿದ್ದಾರೆ.

ನಾಪ್ಲಿಯಸ್ · 2:40
ನಾನು ಕಡಲ ಜೀವಶಾಸ್ತ್ರ ಓದುತ್ತಿರುವವಳು. ಸಿಗಡಿ ಹೊಟ್ಟೆ ಕೊಯ್ದು ಕೊಯ್ದು ಬೆರಳ ವಾಸನೆ ಹೋಗದ ಸ್ಥಿತಿಗೆ ಬಂದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಅಕ್ಕ ಹೇಳಿದ್ದೇ ಸರಿ, ಅದು ಅಂಡಾಶಯ. ತಲೆಯ ಚಿಪ್ಪಿನೊಳಗೆ ಶುರುವಾಗಿ ಬೆನ್ನಗುಂಟ ಬಾಲದ ಕಡೆಗೆ ಎರಡು ಎಳೆಯಾಗಿ ಹೋಗುತ್ತದೆ. ಎಳೆಯ ಹೆಣ್ಣಿನಲ್ಲಿ ಅದು ನೀರಿನಷ್ಟು ತಿಳಿ, ಹೊರಗಿಂದ ಕಾಣುವುದೇ ಇಲ್ಲ. ಮೊಟ್ಟೆ ತುಂಬುತ್ತ ಬಂದ ಹಾಗೆ ಮಾಸಲು ಬಿಳಿ, ಹಳದಿ, ತಿಳಿಹಸಿರು, ಕೊನೆಗೆ ಕಡುಹಸಿರು. ನಾವು ಐದು ಹಂತ ಮಾಡಿ ಬರೆದುಕೊಳ್ಳುತ್ತೇವೆ, ಐದನೆಯದು ಮೊಟ್ಟೆ ಬಿಟ್ಟಾದ ಮೇಲಿನದು. ಆಗ ಅದು ಜೋಲುಬಿದ್ದು ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಎಳೆಯ ಹೆಣ್ಣೋ ಹೆತ್ತು ಖಾಲಿಯಾದದ್ದೋ ಅಂತ ಬರಿಗಣ್ಣಿಗೆ ತಿಳಿಯುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ಮೊದಲ ಸೆಮಿಸ್ಟರಿನಲ್ಲಿ ನಾನು ಇವೆರಡನ್ನೂ ಒಂದೇ ಕಾಲಮ್ಮಿಗೆ ಹಾಕಿ ಇಡೀ ವಾರದ ಲೆಕ್ಕ ಮತ್ತೆ ಬರೆದಿದ್ದೇನೆ.

ಹಸಿರು ಕಾಣದ 19ರಲ್ಲಿ ಗಂಡು ಎಷ್ಟು, ಎಳೆಯ ಹೆಣ್ಣು ಎಷ್ಟು ಅಂತ ತಿಳಿಯಬೇಕಾದರೆ ಮಗುಚಿ ನೋಡಬೇಕಿತ್ತು. ಎದೆಯಡಿಗೆ ಐದು ಜೊತೆ ನಡೆಯುವ ಕಾಲುಗಳಿವೆ. ಕೊನೆಯ ಜೊತೆಯ ನಡುವೆ ಹೆಣ್ಣಿಗೆ ಎರಡು ತಟ್ಟೆ ಕೂಡಿಸಿದಂಥ ಒಂದು ಚೀಲ, ಅದು ಥೆಲಿಕಮ್. ಗಂಡಿಗೆ ಹೊಟ್ಟೆಯ ಮೊದಲ ಜೊತೆ ಈಜುಗಾಲುಗಳು ನಡುವಿನಲ್ಲಿ ಕೊಂಡಿ ಹಾಕಿಕೊಂಡು ಆದ ಅಂಗ, ಪೆಟಾಸ್ಮ. ಬಿಳಿ ಸಿಗಡಿಯಲ್ಲಿ, ಟೈಗರ್‌ನಲ್ಲಿ ಹೆಣ್ಣು ಹಳೇ ಚಿಪ್ಪು ಕಳಚಿ ಮೈ ಮೆತ್ತಗಿರುವಾಗಲೇ ಗಂಡು ಬಂದು ಬೀಜದ ಪೊಟ್ಟಣವನ್ನು ಆ ಚೀಲಕ್ಕೆ ಸೇರಿಸಿಬಿಡುತ್ತದೆ. ಚಿಪ್ಪು ಗಟ್ಟಿಯಾದ ಮೇಲೆ ಪೊಟ್ಟಣ ಒಳಗೆ ಭದ್ರ. ಮೊಟ್ಟೆ ಬಲಿಯುವುದು ಆಮೇಲೆ. ಬಲಿತ ಮೇಲೆ ಯಾವುದೋ ಒಂದು ರಾತ್ರಿ ಹೆಣ್ಣು ಈಜುತ್ತ ಈಜುತ್ತ ಮೊಟ್ಟೆ ಚೆಲ್ಲುವಾಗ ಕೂಡಿಟ್ಟ ಬೀಜವೂ ಹೊರಬರುತ್ತದೆ, ಎರಡೂ ಸೇರುವುದು ನೀರಿನಲ್ಲಿ.

ಏಡಿಯ ಹಾಗೆ, ಹೊಳೆಯ ಸಿಗಡಿಯ ಹಾಗೆ ಇವು ಮೊಟ್ಟೆಯನ್ನು ಹೊಟ್ಟೆಗೆ ಕಟ್ಟಿಕೊಂಡು ತಿರುಗುವುದಿಲ್ಲ. ಚೆಲ್ಲಿದ ಮೇಲೆ ತಾಯಿಗೂ ಮಕ್ಕಳಿಗೂ ಸಂಬಂಧ ಮುಗಿಯಿತು.

ಒಣಮೀನು · 3:15
ಸಿಗಡಿ ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗ್ತದೆ ಅಂತ ವಿಡಿಯೋದಲ್ಲಿ ನೋಡಿದ್ದೆ. ಹಾಗಿದ್ರೆ ಸಣ್ಣದೆಲ್ಲ ಗಂಡು, ದೊಡ್ಡದೆಲ್ಲ ಹೆಣ್ಣು. ಮಗುಚಿ ನೋಡೋ ಕೆಲಸವೇ ಇಲ್ಲ.

ನಾಪ್ಲಿಯಸ್ · 3:22
ಅದು ಚಳಿ ಸಮುದ್ರದ ಪಂಡಾಲಸ್ ಎಂಬ ಬೇರೆ ಗುಂಪಿನ ಕಥೆ ಅಣ್ಣ. ನಮ್ಮ ಕಡೆಯ ಬಿಳಿ, ಟೈಗರ್, ಕರಿಕಾಡಿ ಯಾವುದೂ ಹಾಗೆ ಬದಲಾಗುವುದಿಲ್ಲ. ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ, ಅದಕ್ಕೇ ದೊಡ್ಡ ಸಿಗಡಿಯ ಬುಟ್ಟಿಯಲ್ಲಿ ಹೆಣ್ಣೇ ಜಾಸ್ತಿ ಕಾಣುವುದು.

ಕುಮಟಾ ಕಡಲು · 4:30
ಇಲ್ಲಿಯವರೆಗೆ ಓದಿ ಒಂದು ಪ್ರಶ್ನೆ ಕಾಡ್ತಿದೆ. ಒಂದು ಸಿಗಡಿಯಲ್ಲಿ ಎಷ್ಟು ಮೊಟ್ಟೆ? ಆ ಏಳನ್ನು ಬಾಣಲೆಗೆ ಹಾಕಿದ್ದಕ್ಕೆ ಎಷ್ಟು ಸಿಗಡಿ ಹೋಯ್ತು? ನನಗೆ ಕೇಳಿದ್ರೆ ಮೊಟ್ಟೆ ಇರೋ ಸಿಗಡಿ ಮಾರೋದನ್ನೇ ನಿಲ್ಲಿಸಬೇಕು.

ನಾಪ್ಲಿಯಸ್ · 5:10
ಬಿಳಿ ಸಿಗಡಿಯಲ್ಲಿ ಗಾತ್ರ ನೋಡಿಕೊಂಡು ಒಂದು ಬಸಿರಿಗೆ ಸುಮಾರು 68,000ದಿಂದ 7 ಲಕ್ಷದ ಮೇಲೆ. ಕರಿಕಾಡಿ ಚಿಕ್ಕ ಜಾತಿ, ಸುಮಾರು 40,000ದಿಂದ 2 ಲಕ್ಷ ಚಿಲ್ಲರೆ. ಒಂದೇ ಹೆಣ್ಣು ಹಲವು ಸಲ ಇಡುತ್ತದೆ. ಆದರೆ ಇದನ್ನು ಏಳರಿಂದ ಗುಣಿಸಿ ಹೆದರಬೇಡಿ. ಮೊಟ್ಟೆ ಒಂದು ದಿನದೊಳಗೆ ಒಡೆದು ನಾಪ್ಲಿಯಸ್ ಆಗುತ್ತದೆ (ನನ್ನ ಹೆಸರು ಎಲ್ಲಿಂದ ಬಂತು ಅಂತ ತಿಳಿಯಿತಲ್ಲ), ಆಮೇಲೆ ಪ್ರೋಟೋಜೋಯಿಯಾ, ಆಮೇಲೆ ತಲೆಕೆಳಗಾಗಿ ಈಜುವ ಮೈಸಿಸ್. ಎರಡು ವಾರದ ಆಸುಪಾಸಿಗೆ ಕೂದಲೆಳೆಯಷ್ಟು ಮರಿ. ಅಷ್ಟರಲ್ಲೇ ಹೆಚ್ಚಿನವು ಯಾರದೋ ಬಾಯಿಗೆ ಹೋಗಿರುತ್ತವೆ. ಲಕ್ಷಗಟ್ಟಲೆ ಇಡುವುದೇ ಅದಕ್ಕೆ.

ಆಯುಸ್ಸು ಒಂದೆರಡು ವರ್ಷ ಅಷ್ಟೆ. ಈ ವರ್ಷ ತಾಯಿ ಕಡಿಮೆಯಾದರೂ ಮಳೆ, ನದಿ, ಕಡಲ ಪ್ರವಾಹ ಎಲ್ಲ ಕೂಡಿಬಂದರೆ ಬರುವ ವರ್ಷ ಬುಟ್ಟಿ ತುಂಬಬಹುದು. ಕೆಲವೇ ಮರಿ ಹಾಕುವ ಶಾರ್ಕಿನ ಹಾಗಲ್ಲ ಇದು. ಜೊತೆಗೆ ಬೋಟಿನ ಮೇಲೆ ಬಂದು ಬೀಳುವ ಹೊತ್ತಿಗೆ ಟ್ರಾಲ್ (ಬೋಟಿನ ಹಿಂದೆ ಎಳೆಯುವ ಬಲೆ) ಸಿಗಡಿ ಹೆಚ್ಚುಕಡಿಮೆ ಸತ್ತೇ ಇರುತ್ತದೆ, ಸಮುದ್ರಕ್ಕೆ ತಿರುಗಿ ಬಿಟ್ಟರೆ ಸೀಗಲ್ಲಿಗೆ ಊಟ. ಬುಟ್ಟಿಯಲ್ಲಿ ಮೊಟ್ಟೆ ಹುಡುಕುವುದು ತಡವಾದ ಕೆಲಸ.

ಕುಮಟಾ ಕಡಲು · 5:18
ಅಂದ್ರೆ ಎಷ್ಟು ಬೇಕಾದ್ರೂ ಹಿಡೀರಿ ಅಂತಲಾ ತಂಗಿ?

ನಾಪ್ಲಿಯಸ್ · 5:25
ಅಲ್ಲ. ಮೊಟ್ಟೆಯ ಬಗ್ಗೆ ಅಳುವ ಬದಲು ಮರಿಯ ಬಗ್ಗೆ ಜಗಳ ಮಾಡಿ ಅಂತ. ಕೇಜಿಗೆ 200 ಬೀಳುವ ಬಿಳಿ ಸಿಗಡಿ ಮರಿ ಒಂದಕ್ಕೆ 5 ಗ್ರಾಂ. ಅದೇ ಕೇಜಿಗೆ 50 ಬೀಳುವಷ್ಟು ಬೆಳೆದರೆ 20 ಗ್ರಾಂ. ದಾರಿಯಲ್ಲಿ ಅರ್ಧಕ್ಕರ್ಧ ಸತ್ತರೂ ಬಲೆಗೆ ಬೀಳುವ ತೂಕ ಎರಡು ಪಟ್ಟು, ದರವಂತೂ ಹೇಳುವುದೇ ಬೇಡ. ನಮ್ಮವರು ಮರಿಯಾಗಿದ್ದಾಗಲೇ ಬಾಚಿ ತಮ್ಮ ದುಡ್ಡನ್ನೇ ಕಳೆದುಕೊಳ್ಳುತ್ತಾರೆ.

ತಾಂಡೇಲ ಬೈತಖೋಲ · ರಾತ್ರಿ 9:35
ಈಗ ದಡಕ್ಕೆ ಬಂದೆ, ಪೂರಾ ಓದಿದೆ. ಹುಡುಗಿ ಹೇಳೋದು ಪುಸ್ತಕದಲ್ಲಿ ಸರಿ. ನನ್ನದೂ ಸ್ವಲ್ಪ ಕೇಳಿ.

ಟ್ರಾಲ್ ಬಲೆಯ ಬಾಲದಲ್ಲಿ ಚೀಲ ಇರ್ತದೆ, ಬಂದದ್ದೆಲ್ಲ ಕೂಡೋದು ಅಲ್ಲಿ. ಅದರ ಕಣ್ಣು 35 ಮಿಮೀ ಇರಬೇಕು, ಅದೂ ಚೌಕ ಕಣ್ಣು ಅಂತ ಇಲಾಖೆಯವರು, ವಿಜ್ಞಾನಿಗಳು ಎಲ್ಲ ಹೇಳ್ತಾರೆ. ಸಾದಾ ಡೈಮಂಡ್ ಕಣ್ಣು ಬೋಟ್ ಎಳೆದ ಕೂಡಲೇ ಬಿಗಿದು ಮುಚ್ಚಿಕೊಳ್ತದೆ, ಅಳತೆ ಎಷ್ಟಿದ್ರೂ ಸೀರೆ ಹಾಕಿ ಸೋಸಿದ ಹಾಗೆ. ಚೌಕ ಕಣ್ಣು ಎಳೆದ್ರೂ ತೆರೆದೇ ಇರ್ತದೆ, ಮರಿ ಹೊರಗೆ ಹೋಗ್ತದೆ. ಇದು ನನಗೆ ಯಾರೂ ಪಾಠ ಮಾಡಿ ಕಲಿಸಿದ್ದಲ್ಲ, ಸ್ವಂತ ದುಡ್ಡಿನಲ್ಲಿ ಕಲಿತದ್ದು. ಎರಡು ವರ್ಷದ ಹಿಂದೆ ಚೌಕ ಕಣ್ಣಿನ ಚೀಲ ಹೊಲಿಸಿ ಹಾಕಿದೆ. ಮೊದಲ ವಾರ ಬಲೆ ಎತ್ತಿದ್ರೆ ಚೀಲ ನೋಡಿ ಖಲಾಸಿಗಳಿಗೇ ಬೇಜಾರು. ಕಸ ಮೀನು ಇಲ್ಲ, ಸಣ್ಣ ಸಿಗಡಿ ಇಲ್ಲ. ಇದ್ದದ್ದು ಚೊಕ್ಕ, ದರವೂ ಬಂತು, ಆದ್ರೆ ಡೀಸೆಲ್ ಕಳೆದ್ರೆ ಕೈಯಲ್ಲಿ ಉಳಿಯೋದು ಆ ಕಸದ ದುಡ್ಡೇ. ಫಿಶ್ ಮಿಲ್ಲಿಗೆ ಹೋಗುವ ಕಸ ಇದೆಯಲ್ಲ, ಅದು ನಮಗೆ ಈಗ ಕಸ ಅಲ್ಲ, ಎರಡನೇ ಸಂಬಳ. ಪಕ್ಕದ ಬೋಟಿನವ ನನ್ನ ಬಲೆಯಿಂದ ತಪ್ಪಿಸಿಕೊಂಡದ್ದನ್ನ ಹಿಂದಿನಿಂದ ಬಂದು ಬಾಚಿಕೊಂಡು ಹೋಗಿ ದಕ್ಕೆಯಲ್ಲಿ ನನ್ನ ಮುಖ ನೋಡಿ ನಗ್ತಾನೆ. ಒಂದೂವರೆ ತಿಂಗಳಲ್ಲಿ ಹಳೇ ಚೀಲ ಕಟ್ಟಿದೆ. ಹೊಸದು ಮನೆ ಅಟ್ಟದ ಮೇಲೆ ಇದೆ, ಹೆಂಡತಿ ಅದರಲ್ಲಿ ತೆಂಗಿನಕಾಯಿ ತುಂಬಿಟ್ಟಿದ್ದಾಳೆ.

ಇನ್ನೊಂದು. ಕರಿಕಾಡಿ ಎಷ್ಟು ದೊಡ್ಡದಾದ್ರೂ ಸಣ್ಣದೇ. ಬಿಳಿ ಸಿಗಡಿ ಮರಿಗೆ ಅಂತ ಕಣ್ಣು ದೊಡ್ಡದು ಮಾಡಿದ್ರೆ ಮುದುಕಿ ಕರಿಕಾಡಿಯೂ ಓಡಿ ಹೋಗ್ತದೆ. ಒಂದೇ ಬಲೆಗೆ ಎರಡೂ ಬೀಳ್ತದೆ. ನಾನು ಯಾರ ಅಳತೆ ಹಿಡೀಲಿ?

ನಾಪ್ಲಿಯಸ್ · 9:58
ತಾಂಡೇಲ್ ಮಾಮಾ, ಕೊನೆಯ ಪ್ರಶ್ನೆ ನಮ್ಮ ಕ್ಲಾಸಿನಲ್ಲೂ ಬಂದು ಯಾರೂ ಉತ್ತರ ಕೊಡದೆ ಚಹಾಕ್ಕೆ ಎದ್ದು ಹೋಗಿದ್ದೆವು. ಕರಿಕಾಡಿ ಹೆಣ್ಣು ಮೊದಲ ಸಲ ಬಸಿರಾಗುವಾಗ ಉದ್ದ ಸುಮಾರು 6.3 ಸೆಂಮೀ. ಬಿಳಿ ಸಿಗಡಿಗೆ ಸುಮಾರು 13 ಸೆಂಮೀ. ಹತ್ತಿರಹತ್ತಿರ ಎರಡು ಪಟ್ಟು. 7 ಸೆಂಮೀ ಕರಿಕಾಡಿ ಬಾಣಂತಿ, 7 ಸೆಂಮೀ ಬಿಳಿ ಸಿಗಡಿ ಶಾಲೆಗೆ ಹೋಗುವ ಮಗು. ಒಂದೇ ಕಣ್ಣು ಇಬ್ಬರಿಗೂ ನ್ಯಾಯ ಮಾಡಲಾರದು, ಒಪ್ಪುತ್ತೇನೆ.

ಆದರೆ ಒಂದು ದಾರಿ ಇದೆ. ಇಬ್ಬರ ಮನೆಯೂ ಬೇರೆ ಬೇರೆ. ಕರಿಕಾಡಿ ಹುಟ್ಟಿ ಬೆಳೆದು ಸಾಯುವುದೆಲ್ಲ ಸಮುದ್ರದಲ್ಲೇ, ಹೊಳೆಗೆ ಬರುವುದಿಲ್ಲ. ಬಿಳಿ, ಟೈಗರ್, ಇನ್ನೂ ಕೆಲವು ಜಾತಿಗಳ ಮರಿ ಮಾತ್ರ ಉಬ್ಬರದ ಜೊತೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳೊಳಗೆ ನುಗ್ಗಿ ಕಾಂಡ್ಲ ಬೇರಿನ ಸಂದಿಯಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಸಮುದ್ರಕ್ಕೆ ಇಳಿಯುತ್ತವೆ. ಅವು ಇಳಿಯುವ ಕಾಲದಲ್ಲಿ ಅಳಿವೆ ಬಾಯಿ ಮತ್ತು ಅದರ ಎದುರಿನ ಕಡಿಮೆ ಆಳದ ನೀರನ್ನು ಬಿಟ್ಟುಕೊಟ್ಟರೆ, ಆಳದಲ್ಲಿ ಕರಿಕಾಡಿ ಹಿಡಿಯುವವರಿಗೆ ಅಷ್ಟು ತೊಂದರೆ ಆಗದು.

ತಾಂಡೇಲ ಬೈತಖೋಲ · 10:07
ಅಳಿವೆ ಎದುರು ರಾತ್ರಿ ಯಾರು ಎಳೀತಾರೆ ಅಂತ ಊರಿಗೆಲ್ಲ ಗೊತ್ತು. ನಾನೂ ಎಳೆದವನೇ, ಸುಳ್ಳು ಯಾಕೆ ಹೇಳ್ಲಿ.

ಗಜನಿ ಗದ್ದೆ · ಸೋಮವಾರ ಬೆಳಿಗ್ಗೆ 6:20
ಅಘನಾಶಿನಿ ದಂಡೆಯವ ನಾನು. ಸಿಗಡಿ ಬಗ್ಗೆ ಮಾತಾಡಿ ಗಜನಿ, ಅಂದ್ರೆ ಅಳಿವೆ ದಂಡೆಯ ಉಪ್ಪು ನೀರಿನ ಗದ್ದೆ, ಅದರ ಬಗ್ಗೆ ಇಷ್ಟು ಹೊತ್ತು ಸುಮ್ಮನಿದ್ದೀರಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪು ನೀರು ನಿಂತರೂ ಸಾಯದ ಭತ್ತ ಅದು. ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲು ಮುಗಿದ ಮೇಲೆ ಕಟ್ಟೆಯ ಬಾಗಿಲು ತೆಗೆದರೆ ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರಕ್ಕೆ ಮರಿಗಳು ತಾವೇ ಒಳಗೆ ಬರುತ್ತಿದ್ದವು. ಕೊಳೆತ ಕೂಳೆ ತಿಂದು ಬೆಳೆಯುತ್ತಿದ್ದವು. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ದೊಡ್ಡದನ್ನು ಹಿಡಿದು ಸಣ್ಣದನ್ನು ಬಿಡುತ್ತಿದ್ದರು. ಬಿಡುತ್ತಿದ್ದದ್ದು ದೊಡ್ಡ ಮನಸ್ಸಿನಿಂದ ಅಂತ ನಾನು ಹೇಳೋದಿಲ್ಲ, ಸಣ್ಣದಕ್ಕೆ ಆಗ ಗಿರಾಕಿ ಇರಲಿಲ್ಲ. ಆಮೇಲೆ ಸಿಗಡಿಗೆ ದರ ಬಂತು, ಗಜನಿಯ ಮೀನು ಹಕ್ಕು ಹರಾಜಾಯ್ತು. ಹರಾಜು ಹಿಡಿದವನಿಗೆ ಭತ್ತ ಯಾಕೆ ಬೇಕು? ವರ್ಷವಿಡೀ ಉಪ್ಪು ನೀರು ನಿಲ್ಲಿಸಿದ. ಕಗ್ಗ ಹೋಯ್ತು, ಕೂಳೆ ಹೋಯ್ತು, ಕಟ್ಟೆ ನೋಡುವವರಿಲ್ಲದೆ ಒಡೆದೂ ಹೋಯ್ತು. ತೊಂಬತ್ತರ ದಶಕದಲ್ಲಿ ಟೈಗರ್ ಹೊಂಡ ಮಾಡಿದವರನ್ನು ಬಿಳಿಚುಕ್ಕೆ ರೋಗ ಮಲಗಿಸಿತು. ಆ ಹೊಂಡಗಳ ಏರಿ ಈಗಲೂ ಹಾಗೇ ಬಿದ್ದಿವೆ, ನೋಡಬೇಕಾದ್ರೆ ಬನ್ನಿ, ತೋರಿಸ್ತೇನೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, 2024ರಲ್ಲಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ರಾಮ್ಸಾರ್ ಪಟ್ಟ ಸಿಕ್ಕಿತು, ಸಂತೋಷ. ಶರಾವತಿ ನೋಡಿ. ವಿದ್ಯುತ್ ಮನೆಯಿಂದ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಬರ್ತಾ ಬರ್ತಾ ಅಳಿವೆಯ ಉಪ್ಪೇ ಕಡಿಮೆಯಾಗಿ ಚಿಪ್ಪಿಕಲ್ಲು ಸವೆದುಹೋಯ್ತು. ಕಾಳಿಗೂ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು. ಮರಿ ಸಾಕುವ ತೊಟ್ಟಿಲಿಗೇ ಹೀಗಾದ್ರೆ ಬಲೆಯ ಕಣ್ಣು ಅಳೆದು ಏನು ಮಾಡ್ತೀರಿ?

ತಾಂಡೇಲ ಬೈತಖೋಲ · 7:02
ಇದನ್ನ ಅಲ್ವಾ ಯಾರಾದ್ರೂ ಹೇಳಬೇಕಿತ್ತು! ಎಲ್ಲದಕ್ಕೂ ಬೋಟಿನವರನ್ನೇ ಹಿಡೀತಾರೆ.

ಗಜನಿ ಗದ್ದೆ · 7:06
ನಿಮ್ಮನ್ನ ಬಿಟ್ಟೆ ಅಂತ ತಿಳೀಬೇಡಿ.

ಒಣಮೀನು · 8:15
ಜೂನ್-ಜುಲೈ ಎರಡು ತಿಂಗಳು ಬೋಟ್ ಬಂದ್ ಇದೆಯಲ್ಲ, ಮೊಟ್ಟೆ ಇಡ್ಲಿ ಅಂತ. ಆಮೇಲೆ ಹಿಡಿಯೋದು ನ್ಯಾಯವೇ.

ನಾಪ್ಲಿಯಸ್ · 8:40
2015ರಿಂದ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಒಳ್ಳೆಯದೇ. ಆದರೆ ಸಿಗಡಿಗೆ ಕ್ಯಾಲೆಂಡರ್ ಇಲ್ಲ. ಬೆಚ್ಚಗಿನ ನೀರಿನ ಸಿಗಡಿಗಳು ಹೆಚ್ಚುಕಡಿಮೆ ವರ್ಷವಿಡೀ ಇಡುತ್ತವೆ, ಕೆಲವು ತಿಂಗಳು ಜೋರು, ಕೆಲವು ತಿಂಗಳು ಮಂದ. ಘಟ್ಟದ ಮೇಲಿನ ಅಣ್ಣನ ಅಡುಗೆಮನೆಯ 7 ಸಿಗಡಿಯೇ ಸಾಕ್ಷಿ. ಈಗ ದೀಪಾವಳಿ ಕಳೆದಿದೆ, ಬಂದ್ ಮುಗಿದು ಮೂರು ತಿಂಗಳು. ಮಳೆಗಾಲದ ರಜೆಯಿಂದ ನಿಜವಾಗಿ ಸಿಗುವುದು ಮರಿಗಳಿಗೆ ಎರಡು ತಿಂಗಳ ಬೆಳವಣಿಗೆ. ಆಗಸ್ಟ್ 1ಕ್ಕೆ ಸಣ್ಣ ಕಣ್ಣಿನ ಚೀಲ ಕಟ್ಟಿಕೊಂಡು ಹೊರಟರೆ ಬೆಳೆದದ್ದೆಲ್ಲ ಬೇಗ ತೀರುತ್ತದೆ.

ತಾಂಡೇಲ ಬೈತಖೋಲ · 1:30
ಆ 61 ದಿನ ನಮ್ಮ ಮನೆ ಹೇಗೆ ನಡೀತದೆ ಅಂತ ಯಾವ ಪುಸ್ತಕದಲ್ಲೂ ಇಲ್ಲ ತಂಗಿ. ಆದ್ರೂ ರಜೆ ಬೇಡ ಅಂತ ನಾನು ಹೇಳೋದಿಲ್ಲ, ಆ ಗಾಳಿಗೆ ಹೋದ್ರೆ ಬರೋದೂ ಗ್ಯಾರಂಟಿ ಇಲ್ಲ.

ಆಮೆಯದ್ದೂ ಒಂದು ಹೇಳಿಬಿಡ್ತೆ. ಬಲೆಗೆ ಆಮೆ ಹೊರಗೆ ಹೋಗುವ ಕಿಂಡಿ ಹಾಕಿಲ್ಲ ಅಂತ ಅಮೆರಿಕದವರು 2019ರಿಂದ ಭಾರತದ ಸಮುದ್ರದ ಸಿಗಡಿ ಬೇಡ ಅಂದ್ರು. ಹೊಂಡದಲ್ಲಿ ಸಾಕುವ ವನಾಮಿ ಸಿಗಡಿ ಆಗ್ತದೆ, ನಮ್ಮದು ಆಗೋದಿಲ್ಲ. ದೇವಬಾಗ, ಮಾಜಾಳಿ ಮರಳಲ್ಲಿ ಕಡಲಾಮೆ ಮೊಟ್ಟೆ ಇಡೋದನ್ನ ನಾನೇ ಕಾದಿದ್ದೇನೆ, ನಾಯಿ ಅಗೀಬಾರ್ದು ಅಂತ ಬುಟ್ಟಿ ಮುಚ್ಚಿದ್ದೇನೆ. ಅದೇ ನಾನು ಬಲೆಗೆ ಕಿಂಡಿ ಹಾಕಿಲ್ಲ, ಕಿಂಡಿಯಲ್ಲಿ ಸಿಗಡಿಯೂ ಹೋಗ್ತದೆ ಅಂತ ಹೆದರಿಕೆ. ಇದಕ್ಕೆ ಬೈಯೋರು ಬೈರಿ.

ಸುಂಗಟಾ ಅಕ್ಕ · 2:10
ಬೈಯೋದಿಲ್ಲ ಭಾವ. ಆದ್ರೆ ಮಾರ್ಕೆಟ್ಟಿನ ಕಡೆಯಿಂದ ಒಂದು ಮಾತು. ಮೊದಲು ಅಮ್ಮನ ಬುಟ್ಟಿಯಲ್ಲಿ ಸಿಗಡಿ ಮೂರು ರಾಶಿ: ದೊಡ್ಡದು, ನಡುವಿನದು, ಒಣಗಿಸೋಕೆ ಸಣ್ಣದು. ಈಗ ದಕ್ಕೆಯಿಂದಲೇ ದೊಡ್ಡದು ಐಸ್ ಪೆಟ್ಟಿಗೆಗೆ ಹೋಗಿ ಗೋವಾ ದಾರಿ ಹಿಡೀತದೆ. ನಮ್ಮ ಬುಟ್ಟಿಗೆ ಉಳಿಯೋದು ಬೆರಳುಗುರಿನಷ್ಟಿದ್ದು. ಸುಲಿದು ಸುಲಿದು ಉಗುರ ಸಂದಿ ಬಿರಿದು ಉಪ್ಪು ನೀರು ತಾಗಿದ್ರೆ ಪ್ರಾಣ ಹೋಗ್ತದೆ, ಕೇಜಿ ಸುಲಿದ್ರೆ ಒಂದು ಮುಷ್ಟಿ ಮಾಂಸ. ಮರಿ ಹಿಡಿದ್ರೆ ಲಾಸು ಅಂತ ನಮಗೆ ಗ್ರಾಂ ಲೆಕ್ಕ ಬೇಡ, ಈ ಬೆರಳು ಸಾಕು.

ಕುಮಟಾ ಕಡಲು · 2:45
ನಾನು ನಿನ್ನೆ ಹೇಳಿದ್ದನ್ನ ವಾಪಸ್ ತಗೊಂಡೆ. ಮೊಟ್ಟೆ ಸಿಗಡಿಯ ಮಾತು ಬಿಟ್ಟು, ಕೇಜಿಗೆ ನೂರೈವತ್ತರ ಮೇಲೆ ಬೀಳುವ ಬಿಳಿ ಸಿಗಡಿ ತಗೊಳ್ಳೋದಿಲ್ಲ ಅಂತ ಮಾಡಿದೆ. ಸರಿಯಾ ತಂಗಿ?

ನಾಪ್ಲಿಯಸ್ · 3:05
ಬಿಳಿಯದ್ದಕ್ಕೆ ಸರಿ. ಕರಿಕಾಡಿಗೆ ಈ ಲೆಕ್ಕ ಹಾಕಬೇಡಿ, ಅದು ಹುಟ್ಟಾ ಕುಳ್ಳಿ. ಎರಡನ್ನೂ ಗುರುತಿಸೋದು ಹೇಗೆ ಅಂತ ನಿಮ್ಮ ಮೀನಿನವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳ್ತಾರೆ. ಹೊಂಡದ ವನಾಮಿಗೆ ಬೆನ್ನಲ್ಲಿ ಹಸಿರು ಪಟ್ಟಿ ಕಾಣೋದು ಅಪರೂಪ, ಮೂರು-ನಾಲ್ಕು ತಿಂಗಳಿಗೇ ಹಿಡಿದು ಮಾರ್ತಾರೆ, ಬಲಿಯೋಕೆ ಬಿಡೋದಿಲ್ಲ. ದಪ್ಪ ಹಸಿರು ಕಂಡರೆ ಸಮುದ್ರದ್ದೇ ಅಂತ ಹೆಚ್ಚುಕಡಿಮೆ ನಂಬಬಹುದು.

ಘಟ್ಟದ ಮೇಲಿನವ · ಬುಧವಾರ ಬೆಳಿಗ್ಗೆ 8:20
ನಾನು ಕೇಳಿದ್ದು ತಿನ್ನಬಹುದಾ ಅಂತ ಮಾತ್ರ! ಇರ್ಲಿ. ಇವತ್ತು ಗಾಡಿ ಬಂದಾಗ ಸಿಗಡಿ ಮಗುಚಿ ಮಗುಚಿ ನೋಡ್ತಿದ್ದೆ. ಮೀನಿನವರು "ಎಂತ ಸಾರ್, ಹುಡುಗಿ ನೋಡೋಕೆ ಬಂದಿದ್ದೀರಾ" ಅಂದ್ರು. ಅರ್ಧ ಕೇಜಿಯಲ್ಲಿ ಹೆಣ್ಣು ಹದಿನಾರು, ಗಂಡು ಹನ್ನೊಂದು, ಹಸಿರು ಐದು. ಸಣ್ಣದು ಬೇಡ ಅಂದೆ. ಕೇಜಿಗೆ ನಲವತ್ತು ರೂಪಾಯಿ ಜಾಸ್ತಿ ಹೇಳಿದ್ರು, ಕೊಟ್ಟೆ. ಅಕ್ಕಾ, ಅತ್ತೆ ಈಗ ಹಸಿರಿರೋದನ್ನೇ ಕೇಳ್ತಿದ್ದಾರೆ. ತಲೆ ಬಿಸಾಡಬಹುದಾ?

ಸುಂಗಟಾ ಅಕ್ಕ · 8:31
ಅಯ್ಯೋ, ಬಿಸಾಡಬೇಡಿ! ಅರ್ಧ ಗಾಬೋಳಿ ತಲೆಯೊಳಗೇ ಇರ್ತದೆ. ಮೀಸೆ, ಕಣ್ಣು, ಮೂಗಿನ ಮುಳ್ಳು ಕತ್ತರಿಸಿ, ಉಳಿದದ್ದನ್ನ ಜಜ್ಜಿ ನೀರಲ್ಲಿ ಕುದಿಸಿ ಸೋಸಿ. ಆ ನೀರಿಗೆ ಕಾಯಿ, ಒಣಮೆಣಸು, ಕೊತ್ತಂಬರಿ ಅರೆದು ಹಾಕಿ, ಹುಳಿಗೆ ವಾಟೆಹುಳಿ ಎರಡು ಚೂರು. ಬೆಕ್ಕಿಗೂ ಸ್ವಲ್ಪ ಇಡಿ.